ಬಚ್ಚಲು ಮನೆಗೆ ಮೊದಲು, ಏಸಿಗೆ ಕೊನೆಗೆ: ಹಾಸನ, ಚಿಕ್ಕಮಗಳೂರು ಕಡೆಯ ಮನೆಗೆ ಯಾವ ಗೀಸರ್, ಯಾವ ಏಸಿ ಸರಿ?

ಹೋದ ಬೇಸಿಗೆಯಲ್ಲಿ ಒಂದೇ ವಾರ ಎರಡು ಫೋನ್ ಬಂತು. ಅರಸೀಕೆರೆಯಿಂದ ನಾದಿನಿ, "ಅತ್ತಿಗೆ, ಏಸಿ ತಗೊಳ್ಳೋಣ ಅಂತಿದ್ದೀವಿ. ಫೈವ್ ಸ್ಟಾರೇ ಆಗ್ಬೇಕಾ?" ಅಂದಳು. ಮೂಡಿಗೆರೆ ಕಡೆಯ ತವರಿನಿಂದ ಅಣ್ಣ, "ಸೋಲಾರ್ ಹಾಕಿಸಿದ್ರೆ ಹಂಡೆ ಒಲೆ ಕಿತ್ತು ಹಾಕಬಹುದಾ?" ಅಂದ. ನಾವಿರುವುದು ಹಾಸನದಲ್ಲಿ. ಮೂರೂ ಮನೆ ಒಂದು ದಿನದ ಬಸ್ ಪ್ರಯಾಣದಲ್ಲಿ ಸುತ್ತಿ ಬರುವಷ್ಟು ಹತ್ತಿರ. ಆದರೆ ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ.

ಆಗುವುದೂ ಇಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಸನ, ಚಿಕ್ಕಮಗಳೂರು ಪಟ್ಟಣಗಳು ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಹಾಸನವನ್ನು ಬಡವರ ಊಟಿ ಅನ್ನುವುದು ಸುಮ್ನೆ ಅಲ್ಲ. ಏಪ್ರಿಲ್ ಮಧ್ಯಾಹ್ನ ಎಷ್ಟೇ ಬೆವರಿದರೂ ರಾತ್ರಿ ಹತ್ತಕ್ಕೆ ಕಿಟಕಿ ತೆಗೆದರೆ ತಂಪು ಗಾಳಿ ಬರುತ್ತದೆ. ಟಿವಿ ಜಾಹೀರಾತಿನವರು ದೆಹಲಿಯ ಸೆಕೆ, ಚೆನ್ನೈನ ಬೆವರು ನೋಡಿ ಮಾತಾಡುತ್ತಾರೆ. ಅವರ ಲೆಕ್ಕ ನಮ್ಮ ಮನೆಗೆ ಕೂರುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಮೀಟರ್ ಹತ್ತಿರ ಹೋಗಿ

ಕರೆಂಟ್ ಮೀಟರಿನ ಮುಂದೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಅಂದರೆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಆಯಿತು ಅಂತ. ಒಂದು ಭಾನುವಾರ ಫ್ರಿಜ್ಜಿನಿಂದ ಹಿಡಿದು ವೈಫೈ ಡಬ್ಬಿಯವರೆಗೆ ಎಲ್ಲ ಆಫ್ ಮಾಡಿ, ಒಂದೊಂದನ್ನೇ ಹಾಕಿಸಿ, ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಹಾಲಿನ ಹಳೆಯ ಫ್ಯಾನ್ ಐದನೇ ನಂಬರಿನಲ್ಲಿ ತಿರುಗಿದರೆ ಐದು ನಿಮಿಷಕ್ಕೆ 20 ಸಲ. ರೂಮಿನ ಹೊಸ, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಹೊತ್ತಿಗೆ 8 ಸಲ. ಆಮೇಲೆ ಗೀಸರ್ ಹಾಕಿಸಿದೆ. ಎಣಿಸಲಿಕ್ಕೇ ಆಗಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ನೋಡಿದರೆ ನಿಮಿಷಕ್ಕೆ ನೂರು ದಾಟಿತ್ತು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ, "ಏನ್ರೀ, ಮೀಟರ್ ಕೆಟ್ಟಿದೆಯಾ?" ಅಂತ ಕೇಳಿದರು.

ಕೆಟ್ಟಿರಲಿಲ್ಲ. ನಮ್ಮ ಕಡೆ ಕರೆಂಟ್ ತಿನ್ನುವುದು ಬಚ್ಚಲು ಮನೆ ಅಂತ ಕಣ್ಣಿಗೆ ಕಂಡಿತ್ತು, ಅಷ್ಟೇ. ಫ್ಯಾನ್ ಜೋರಾಗಿ ಬೇಕಾಗುವುದು ಮೂರು ತಿಂಗಳು. ಏಸಿ ಬೇಕು ಅನಿಸುವುದು ಹೆಚ್ಚೆಂದರೆ ಎರಡೂವರೆ ತಿಂಗಳು. ಬಿಸಿನೀರು ಹನ್ನೆರಡು ತಿಂಗಳೂ ಬೇಕು. ಅದಕ್ಕೇ ಈ ಬರಹದಲ್ಲೂ ನೀರಿಗೇ ಜಾಸ್ತಿ ಜಾಗ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಹಾಸನದವರಿಗೆ ಬಿಲ್ ಕೊಡುವುದು ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಗೃಹಜ್ಯೋತಿ ಎರಡೂ ಕಡೆ ಇದೆ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಸ್ವಲ್ಪ (ಹೆಚ್ಚಿನವರಿಗೆ ಶೇ. 10) ಸೇರಿಸಿ, ಅಷ್ಟು ಯೂನಿಟ್ ಉಚಿತ. ಅದಕ್ಕಿಂತ ಜಾಸ್ತಿ ಬಳಸಿದರೆ ಜಾಸ್ತಿಯಾದಷ್ಟಕ್ಕೆ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ ನಿಮ್ಮ ತಲೆಗೆ. ಆದ್ದರಿಂದ ಯಾವ ಯಂತ್ರ ತಂದರೂ ಅದು ತಿಂಗಳಿಗೆ ಎಷ್ಟು ಯೂನಿಟ್ ತಿನ್ನುತ್ತದೆ ಅನ್ನುವುದರ ಜೊತೆಗೆ, 200ರ ಗೆರೆಗೆ ನೀವು ಎಷ್ಟು ಹತ್ತಿರ ಇದ್ದೀರಿ ಅನ್ನುವುದನ್ನೂ ನೋಡಬೇಕು. ಕೆಳಗಿನ ಲೆಕ್ಕಕ್ಕೆಲ್ಲ ಯೂನಿಟ್ಟಿಗೆ 6 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಬಿಲ್ ನೋಡಿ ಬದಲಾಯಿಸಿಕೊಳ್ಳಿ.

ಸ್ನಾನದ ನೀರು

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಬೇಕು ಅಂತ ಹೈಸ್ಕೂಲಿನಲ್ಲಿ ಓದಿದ್ದೆವು. ಒಂದು ಯೂನಿಟ್ ಕರೆಂಟಿನಲ್ಲಿ ಇರುವುದು 860 ಕಿಲೋ ಕ್ಯಾಲೊರಿ. ತೊಟ್ಟಿಯ ನೀರು 20 ಡಿಗ್ರಿ ಇದೆ, ಮೈಗೆ ಹಿತವಾಗಿ 40 ಡಿಗ್ರಿ ಬೇಕು ಅಂದರೆ 20 ಲೀಟರಿನ ಒಂದು ಬಕೆಟ್ಟಿಗೆ 400 ಕಿಲೋ ಕ್ಯಾಲೊರಿ. ಹೆಚ್ಚು ಕಡಿಮೆ ಅರ್ಧ ಯೂನಿಟ್. ಮನೆಯಲ್ಲಿ ನಾಲ್ಕು ಜನ, ತಲೆಗೊಂದು ಬಕೆಟ್ ಅಂದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಅಂದರೆ 360 ರೂಪಾಯಿ. ಕಾಯಿಲ್ ಇರುವ ಯಾವ ಗೀಸರ್ ತಂದರೂ ಇದಕ್ಕಿಂತ ಕಡಿಮೆಗೆ ಇಳಿಯುವುದಿಲ್ಲ.

"ಹಾಗಾದ್ರೆ ಫೈವ್ ಸ್ಟಾರ್ ಗೀಸರ್ ಯಾಕೆ?" ಅಂತ ನಾನು ಅಂಗಡಿಯಲ್ಲಿ ಕೇಳಿದ್ದೆ. "ಕರೆಂಟ್ ಉಳಿಯುತ್ತೆ ಮೇಡಂ" ಅಂದ ಹುಡುಗ. ಎಲ್ಲಿ ಉಳಿಯುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ವಿಷಯ ಇಷ್ಟು: ಟ್ಯಾಂಕ್ ಇರುವ ಗೀಸರಿನ ಸ್ಟಾರ್ ಅಳೆಯುವುದು ನೀರು ಕಾಯಿಸುವುದನ್ನಲ್ಲ, ಕಾದ ನೀರು ಆರದ ಹಾಗೆ ಹಿಡಿದಿಡುವುದನ್ನು. ಫ್ಲಾಸ್ಕ್ ಎಷ್ಟು ಒಳ್ಳೆಯದು ಅಂತ ನೋಡಿದ ಹಾಗೆ. ದಿನವಿಡೀ ಸ್ವಿಚ್ ಆನ್ ಇಡುವ ಮನೆಗೆ ಸ್ಟಾರ್ ಬೇಕೇ ಬೇಕು. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಒಬ್ಬರ ಹಿಂದೆ ಒಬ್ಬರು ಮಿಂದು, ಆರಿಸಿಬಿಡುವ ನಮ್ಮಂಥವರಿಗೆ ಮೂರಕ್ಕೂ ಐದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆ ದುಡ್ಡನ್ನು ಒಳ್ಳೆಯ ಟ್ಯಾಂಕಿಗೆ ಹಾಕಿ.

ಟ್ಯಾಂಕ್ ಎಷ್ಟು ದೊಡ್ಡದು ಬೇಕು? 15 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿ ಅಷ್ಟೇ ತಣ್ಣೀರು ಬೆರೆಸಿದರೆ 30 ಲೀಟರ್ ಹದವಾದ ನೀರು. ಒಂದೂವರೆ ಬಕೆಟ್. 2 ಕಿಲೋವ್ಯಾಟ್ ಕಾಯಿಲ್ ಇದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಹಳ್ಳಿ ಕಡೆ ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ ಅದೇ ಕಾಯಿಲ್ ಸುಮಾರು 1.2 ಕಿಲೋವ್ಯಾಟಿನ ಕೆಲಸ ಮಾಡುತ್ತದೆ. ಅರ್ಧ ಗಂಟೆ ದಾಟುತ್ತದೆ. ಗೀಸರ್ ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಹಳೆಯ ಫ್ಯಾನ್ ನಿಧಾನವಾಗಿದೆಯಾ ನೋಡಿ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅಗ್ಗ, ಜಾಗವೂ ಕಡಿಮೆ ಸಾಕು. ಕಾದು ಕೂರುವ ನೀರೇ ಕಡಿಮೆ, ಹಾಗಾಗಿ ಆರುವ ನಷ್ಟವೂ ಕಡಿಮೆ. ಆದರೆ 3 ಕಿಲೋವ್ಯಾಟ್ ಇದ್ದರೂ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಮಾತ್ರ ಹದವಾಗಿ ಕೊಡಬಲ್ಲದು. ಡಿಸೆಂಬರ್ ಬೆಳಗ್ಗೆ ನಲ್ಲಿ ಜೋರಾಗಿ ತಿರುಗಿಸಿದರೆ ಉಗುರುಬೆಚ್ಚಗೆ ಬರುತ್ತದೆ. ಅಡುಗೆಮನೆ ಸಿಂಕಿಗೆ ಇಡಿ, ಚೆನ್ನಾಗಿದೆ. ಸ್ನಾನಕ್ಕೆ ಬೇಡ ಅನ್ನುತ್ತೇನೆ. ಒಂದು ವೇಳೆ ಹಾಕಿಸಿದರೆ ಅದು 13 ಆಂಪ್ಸ್ ಎಳೆಯುತ್ತದೆ ಅನ್ನುವುದು ನೆನಪಿರಲಿ. ಹಳೆಯ ಮನೆಯ ಸಣ್ಣ ವೈರಿಗೆ ಸಿಕ್ಕಿಸಬೇಡಿ.

ಅರಸೀಕೆರೆ, ಕಡೂರು ಕಡೆಯವರಿಗೆ ಇನ್ನೊಂದು ತಾಪತ್ರಯ ಇದೆ. ಬೋರ್‌ವೆಲ್ಲಿನ ಗಡಸು ನೀರು. ನಾದಿನಿಯ ಮನೆಯ ಗೀಸರ್ ಕಾಯಿಲ್ ಬಿಚ್ಚಿದಾಗ ನಾನೇ ನೋಡಿದೆ. ಬೆರಳಿನ ದಪ್ಪಕ್ಕೆ ಬಿಳಿ ಸುಣ್ಣ ಕಟ್ಟಿತ್ತು. ಸ್ಕ್ರೂಡ್ರೈವರಿನಲ್ಲಿ ತಟ್ಟಿದರೆ ಮೊಟ್ಟೆ ಚಿಪ್ಪಿನ ಹಾಗೆ ಉದುರಿತು. ಅದರೊಳಗೆ ಕಾಯಿಲ್ ಉರಿದು ಉರಿದು ಸತ್ತಿತ್ತು. ಇಂಥ ನೀರಿಗೆ ಒಳಗಡೆ ಗಾಜಿನ ಲೇಪ ಇರುವ ಟ್ಯಾಂಕ್ ತೆಗೆದುಕೊಳ್ಳಿ. ಟ್ಯಾಂಕಿನೊಳಗೆ ಆನೋಡ್ ರಾಡ್ ಅಂತ ಒಂದು ಕೋಲು ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನೇ ಕರಗುವುದು ಅದರ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಸವೆದಿದ್ದರೆ ಬದಲಾಯಿಸಿ. ಅದು ಪೂರ್ತಿ ಕರಗಿದ ಮೇಲೆ ಟ್ಯಾಂಕಿನ ಸರದಿ.

ಗ್ಯಾಸ್ ಗೀಸರ್ ಅಗ್ಗ ಅನ್ನುವವರು ತುಂಬಾ ಜನ. ನಾನೂ ಹಾಗೇ ಅಂದುಕೊಂಡಿದ್ದೆ. 14.2 ಕೆಜಿ ಸಿಲಿಂಡರಿನಲ್ಲಿ ಯೂನಿಟ್ ಲೆಕ್ಕದಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖ ಇದೆ. ಅದರಲ್ಲಿ ನೀರಿಗೆ ಸೇರುವುದು 145ರ ಆಸುಪಾಸು. ಸಿಲಿಂಡರಿಗೆ 870 ರೂಪಾಯಿ ಹಿಡಿದರೆ ಯೂನಿಟ್ಟಿಗೆ 6 ರೂಪಾಯಿಯೇ ಬಿತ್ತು. ಕರೆಂಟಿನಷ್ಟೇ ಆಯಿತಲ್ವಾ? ಕರೆಂಟ್ ಹೋದಾಗಲೂ ಬಿಸಿನೀರು ಬರುತ್ತದೆ ಅನ್ನುವುದೊಂದೇ ಅದರ ಹೆಚ್ಚುಗಾರಿಕೆ. ಆದರೆ ಮುಚ್ಚಿದ ಬಚ್ಚಲಿನೊಳಗೆ ಅದನ್ನು ಯಾವತ್ತೂ ಹಾಕಿಸಬೇಡಿ. ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಿಲಕ ಹಾಕಿಕೊಂಡು ಒಳಗೆ ಹೋದವರು ಹೊರಗೆ ಬರದ ಸುದ್ದಿ ಎಷ್ಟೋ ಸಲ ಓದಿದ್ದೇವೆ. ಗೀಸರ್ ಹೊರಗಿನ ಗೋಡೆಗೆ, ಪೈಪ್ ಮಾತ್ರ ಒಳಗೆ. ಹಾಗೆ ಆಗದಿದ್ದರೆ ಆ ಯೋಚನೆಯನ್ನೇ ಬಿಡಿ.

ಬಕೆಟ್ಟಿಗೆ ಇಳಿಬಿಡುವ ರಾಡ್ ಬಗ್ಗೆ ಒಂದೇ ಮಾತು. ಅದು ಕರೆಂಟ್ ಪೋಲು ಮಾಡುವುದಿಲ್ಲ, ಆದರೆ ಮಕ್ಕಳಿರುವ ಮನೆಗೆ ಅಲ್ಲ.

ಸೋಲಾರ್: ಬಿಸಿಲಿದ್ದರೆ ರಾಜ

ನಮ್ಮ ಹಾಸನದ ತಾರಸಿಗೆ 200 ಲೀಟರಿನ ಸೋಲಾರ್ ಹಾಕಿಸಿದೆವು. ಮನೆಯಲ್ಲಿ ನಾಲ್ಕೇ ಜನ. 100 ಸಾಕಾಗಿತ್ತು. "ನೆಂಟರು ಬಂದಾಗ ಬೇಕಾಗುತ್ತೆ" ಅಂತ ನಮ್ಮ ಯಜಮಾನರು ಹಟ ಹಿಡಿದರು. ಅಕ್ಟೋಬರಿನಿಂದ ಮೇವರೆಗೆ ಬಿಸಿನೀರಿಗೆ ಒಂದು ಪೈಸೆ ಖರ್ಚಿಲ್ಲ. ಕೈ ಸುಡುವಷ್ಟು ನೀರು.

ಎಡವಟ್ಟು ಆಗಿದ್ದು ಜುಲೈನಲ್ಲಿ. ಮೋಡ ಕವಿದು ವಾರವಾಗಿತ್ತು. ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲಿನ ಸ್ವಿಚ್ ಹಾಕಿ ಬಿಟ್ಟೆವು. ಹಾಕಿದ್ದು ಮರೆತೇಹೋಯಿತು. ಮೂರು ವಾರ ಅದು ಇಡೀ 200 ಲೀಟರನ್ನು ಪ್ರತಿದಿನ ಕಾಯಿಸಿತು. ನಾವು ಬಳಸಿದ್ದು ಎಂಬತ್ತು ಲೀಟರ್. 200 ಲೀಟರನ್ನು 25 ಡಿಗ್ರಿ ಏರಿಸಲು ಸುಮಾರು 6 ಯೂನಿಟ್. ಮೂರು ವಾರಕ್ಕೆ ನೂರಿಪ್ಪತ್ತರ ಮೇಲೆ. ಆ ತಿಂಗಳು 200ರ ಗೆರೆ ದಾಟಿ, ವರ್ಷವಿಡೀ ಸೊನ್ನೆ ಬರುತ್ತಿದ್ದ ಬಿಲ್ ಪೂರ್ತಿ ಬಂತು. ಇಡೀ ವರ್ಷ ಬಿಸಿಲು ಉಳಿಸಿಕೊಟ್ಟಿದ್ದರಲ್ಲಿ ಒಂದು ಭಾಗ ಒಂದು ಸ್ವಿಚ್ಚು ತಿಂದುಹಾಕಿತು.

ಈಗ ಆ ಬ್ಯಾಕಪ್ಪಿನ ವೈರನ್ನೇ ತೆಗೆಸಿದ್ದೇವೆ. ಬಚ್ಚಲಿನಲ್ಲಿ ಒಂದು 15 ಲೀಟರಿನ ಗೀಸರ್ ಇದೆ. ಮಳೆಗಾಲದಲ್ಲಿ ವಾಲ್ವ್ ತಿರುಗಿಸಿದರೆ ಅದರ ನೀರು, ಉಳಿದ ಕಾಲದಲ್ಲಿ ಸೋಲಾರ್ ನೀರು. ಹೊಸ ಮನೆ ಕಟ್ಟಿಸುವವರು ಪ್ಲಂಬರಿಗೆ ಈ ಎರಡು ಲೈನ್ ಮೊದಲೇ ಹೇಳಿಬಿಡಿ. ಟೈಲ್ಸ್ ಹಾಕಿದ ಮೇಲೆ ಗೋಡೆ ಒಡೆಯುವ ಸಂಕಟ ಬೇಡ.

ಗಾಜಿನ ಕೊಳವೆಯದಾ, ತಾಮ್ರದ ಚಪ್ಪಟೆ ಫಲಕದ್ದಾ ಅನ್ನುವ ಪ್ರಶ್ನೆಗೆ ನಿಮ್ಮ ನೀರೇ ಉತ್ತರ. ಗಡಸು ನೀರು ತಾಮ್ರದ ಸಣ್ಣ ಪೈಪುಗಳಲ್ಲಿ ಸುಣ್ಣ ಕಟ್ಟುತ್ತದೆ. ಅಲ್ಲಿಗೆ ಗಾಜಿನ ಕೊಳವೆ ವಾಸಿ, ಬೆಲೆಯೂ ಕಡಿಮೆ. ಮೆದು ನೀರಿದ್ದು, ಮಂಗಗಳ ಕಾಟ ಇದ್ದರೆ ಫಲಕ ಗಟ್ಟಿ. ತವರಿನ ಕಡೆ ಮಂಗ ಕೊಳವೆಯ ಮೇಲೆ ತೆಂಗಿನಕಾಯಿ ಎತ್ತಿಹಾಕಿದ ಕತೆ ಕೇಳಿದ್ದೇನೆ. ನಗು ಬಂದರೂ ಕೊಳವೆ ಒಡೆದವರಿಗೆ ನಗು ಬರಲಿಲ್ಲ.

ಪೈಪಿನ ಉದ್ದ ಯಾರೂ ಲೆಕ್ಕ ಹಾಕುವುದಿಲ್ಲ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಹದಿನೈದು ಮೀಟರ್ ಅರ್ಧ ಇಂಚಿನ ಪೈಪ್ ಇದ್ದರೆ ಅದರಲ್ಲೇ ಎರಡು ಮೂರು ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವವರೆಗೆ ಅಷ್ಟು ನೀರು ಬಿಡಬೇಕು. ಬಚ್ಚಲಿನ ಮೇಲೇ ಸೋಲಾರ್ ಬರುವ ಹಾಗೆ ಮಾಡಿ, ಮುಖ ದಕ್ಷಿಣಕ್ಕಿರಲಿ, ಬಿಸಿನೀರಿನ ಪೈಪಿಗೆ ಸ್ಪಂಜಿನ ಹೊದಿಕೆ ಸುತ್ತಿಸಿ.

ಹಂಡೆ ಒಲೆ ಕಿತ್ತು ಹಾಕಬೇಕಾ?

ಅಣ್ಣನ ಪ್ರಶ್ನೆಗೆ ಬರುತ್ತೇನೆ. ತವರು ಮನೆಯ ಸುತ್ತ ಕಾಫಿ ತೋಟ. ಸಿಲ್ವರ್ ಓಕ್ ನೆರಳು ಬೆಳಗ್ಗೆ ಹತ್ತರವರೆಗೆ ಮನೆಯ ಮೇಲಿಂದ ಹೋಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಬಿಸಿಲಿನ ಮಾತೇ ಇಲ್ಲ. ಸೋಲಾರ್ ಹಾಕಿಸು ಅಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಆಷಾಢದಲ್ಲಿ ನಿನ್ನ ಸೂರ್ಯ ಎಲ್ಲಿರ್ತಾನೋ ತೋರ್ಸು."

ಅಲ್ಲಿ ಮರಗಸಿ ಮಾಡಿದ, ಅಂದರೆ ನೆರಳಿನ ಮರ ಸವರಿದ ರೆಂಬೆ, ಒಣಗಿದ ಕಾಫಿ ಗಿಡದ ಬುಡ, ತೆಂಗಿನ ಮಟ್ಟೆ ಎಲ್ಲ ಬಿಟ್ಟಿ. ಬಾಣಂತಿ ಮನೆಗೆ ಬಂದರೆ ಒಂದೇ ಸ್ನಾನಕ್ಕೆ ಹಂಡೆ ಖಾಲಿಯಾಗುತ್ತದೆ. ಆ ನೀರನ್ನು 15 ಲೀಟರಿನ ಗೀಸರಿನಲ್ಲಿ ಕಾಯಿಸಲು ಹೊರಟರೆ ಮಗು ಎದ್ದು ಅಳುವ ಹೊತ್ತಾಗುತ್ತದೆ. ಹಾಗಾಗಿ ಒಲೆ ಕೀಳಬೇಡ ಅಂದೆ. ಒಲೆಯನ್ನು ಸುಧಾರಿಸು ಅಂದೆ.

ಹಳೆಯ ಬಚ್ಚಲ ಒಲೆಯಲ್ಲಿ ಬೆಂಕಿ ಮೂರು ಕಡೆ ತೆರೆದಿರುತ್ತದೆ. ಸೌದೆಯ ಶಾಖ ಬಹುಪಾಲು ಗೋಡೆಗೂ ಹೊಗೆಗೂ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ರೂಪಿಸಿದ ಅಸ್ತ್ರ ಒಲೆ ನೆನಪಿರಬಹುದು. ಅದರ ಗುಟ್ಟು ಸರಳ: ಬೆಂಕಿಯ ಗೂಡು ಮುಚ್ಚಿರಬೇಕು, ಗಾಳಿ ಕೆಳಗಿನಿಂದ ಬರಬೇಕು, ಹೊಗೆ ಚಿಮಣಿಯಲ್ಲೇ ಹೋಗಬೇಕು. ಹಂಡೆಗೂ ಇದೇ ಲೆಕ್ಕ. ಹಂಡೆಯ ಸುತ್ತ ಎರಡು ಬೆರಳಿನಷ್ಟು ಸಂದಿ ಬಿಟ್ಟು ಗೋಡೆ ಎಬ್ಬಿಸಿ, ಬಿಸಿ ಹೊಗೆ ಅದರ ಮೈ ಸುತ್ತಿ ಚಿಮಣಿಗೆ ಹೋಗುವ ಹಾಗೆ ಮಾಡಿದರೆ ಸೌದೆ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ನಡುವೆ ಚಿಮಣಿ ಹಾದುಹೋಗುವ ತಾಮ್ರದ ಬಾಯ್ಲರ್ ಇದೇ ಉಪಾಯದ್ದು. ಮೇಲಿನ ಮುಚ್ಚಳ ಮರೆಯಬೇಡಿ. ಪೇಟೆಯಲ್ಲಿ ಸೌದೆ ಕೊಂಡು ಉರಿಸುವವರಿಗೆ ಮಾತ್ರ ಈ ಮಾತು ಹೇಳುವುದಿಲ್ಲ. ಅವರಿಗೆ ಸೋಲಾರೇ ಸರಿ.

ಹೀಟ್ ಪಂಪ್ ಯಾರಿಗೆ?

ಫ್ರಿಜ್ಜಿನ ಹಿಂಭಾಗ ಅಥವಾ ಪಕ್ಕ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದೇ ಅದರ ಕೆಲಸ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಹಾಕುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ ಸಿಗುತ್ತದೆ. ನಮ್ಮ ಕಡೆಯ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಮಳೆ ಬಂದರೂ ನಡೆಯುತ್ತದೆ.

ಆದರೂ ನಾಲ್ಕು ಜನರ ಮನೆಗೆ ನಾನು ಹೇಳುವುದಿಲ್ಲ. ತಿಂಗಳಿಗೆ 60 ಯೂನಿಟ್ 20ಕ್ಕೆ ಇಳಿದರೆ ಉಳಿತಾಯ 240 ರೂಪಾಯಿ. ಯಂತ್ರಕ್ಕೆ ಅರವತ್ತು ಸಾವಿರ ಕೊಟ್ಟರೂ ದುಡ್ಡು ವಾಪಸ್ ಬರಲು ಇಪ್ಪತ್ತು ವರ್ಷ. ಚಿಕ್ಕಮಗಳೂರಿನ ಹೋಂಸ್ಟೇಯವರ ಲೆಕ್ಕ ಬೇರೆ. ಇಪ್ಪತ್ತು ಜನ ಅತಿಥಿಗಳು, ತಲೆಗೆ ಎರಡು ಬಕೆಟ್ ಅಂದರೆ ದಿನಕ್ಕೆ 20 ಯೂನಿಟ್ ಶಾಖ. ಹೀಟ್ ಪಂಪ್ ಅದನ್ನು ಏಳರಲ್ಲಿ ಮುಗಿಸುತ್ತದೆ. ವರ್ಷದಲ್ಲಿ 200 ದಿನ ರೂಮು ತುಂಬಿದರೆ ಸುಮಾರು 16 ಸಾವಿರ ರೂಪಾಯಿ ಉಳಿಯುತ್ತದೆ. ಕೊಟೇಶನ್ ಮೊತ್ತವನ್ನು ಅದರಿಂದ ಭಾಗಿಸಿ ನೋಡಿ. ಮಳೆ ನೋಡಲೆಂದೇ ಜನ ಬರುವ ಊರಿನಲ್ಲಿ, ಸೋಲಾರ್ ಕೈಕೊಡುವ ತಿಂಗಳಲ್ಲೇ ಬಿಸಿನೀರಿಗೆ ಜಗಳ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಎಚ್ಚರಿಕೆ: ಯಂತ್ರ ಗುಂಯ್ ಅನ್ನುತ್ತದೆ. ಅತಿಥಿಗಳ ಕಿಟಕಿ ಕೆಳಗೆ ಇಡಿಸಬೇಡಿ.

ಫ್ಯಾನ್, ಕೂಲರ್, ಏಸಿ

ಫ್ಯಾನಿನಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ 30 ವ್ಯಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 13 ಯೂನಿಟ್ ಉಳಿತಾಯ, 80 ರೂಪಾಯಿ. ಸಾವಿರದ ಇನ್ನೂರು ಜಾಸ್ತಿ ಕೊಟ್ಟರೆ ಹದಿನೈದು ತಿಂಗಳ ಬಳಕೆಯಲ್ಲಿ ವಾಪಸ್. ಸೊಳ್ಳೆ ಕಾಟಕ್ಕೆ ವರ್ಷವಿಡೀ ತಿರುಗುವ ಮಲಗುವ ಕೋಣೆಗೆ ಮೊದಲು ಹಾಕಿಸಿ. ನೆಂಟರು ಬಂದಾಗ ಮಾತ್ರ ತೆಗೆಯುವ ರೂಮಿಗೆ ಹಳೆಯದೇ ಇರಲಿ. 2023ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ, ಅದನ್ನು ನೋಡಿ ಕೊಳ್ಳಿ. ಇದರ ಕೊರತೆ ಒಂದೇ. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ, ಸಿಡಿಲಿಗೆ ಹೆದರುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಗುಡುಗು ಶುರುವಾದರೆ ಗೋಡೆಯ ಸ್ವಿಚ್ ಆರಿಸಿ. ರಿಮೋಟಿನಲ್ಲಿ ನಿಲ್ಲಿಸಿದರೆ ಸಾಲದು.

ಕೂಲರ್ ಕೆಲಸ ಮಾಡುವುದು ಒಣ ಗಾಳಿಯಲ್ಲಿ. ನನ್ನ ಪರೀಕ್ಷೆ ಇದು: ಹಿಂಡಿದ ಟವಲ್ಲನ್ನು ಮಧ್ಯಾಹ್ನ ನೆರಳಿನಲ್ಲಿ ಹರವಿ. ಒಂದು ಗಂಟೆಯಲ್ಲಿ ಗರಿಗರಿ ಒಣಗಿದರೆ ನಿಮ್ಮ ಊರಿಗೆ ಕೂಲರ್ ಆಗುತ್ತದೆ. ಮಾರ್ಚಿನಲ್ಲಿ ಅರಸೀಕೆರೆ, ಕಡೂರಿನಲ್ಲಿ ಒಣಗುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ಸಂಜೆಗೂ ಹಸಿಯಾಗೇ ಇರುತ್ತದೆ. ಅಲ್ಲಿ ಕೂಲರ್ ಇಟ್ಟರೆ ಮೈ ಅಂಟು, ಗೋಡೆಗೆ ಬೂಷ್ಟು. ಕೂಲರ್ ಹಾಕಿದಾಗ ಕಿಟಕಿ ಮುಚ್ಚುವುದು ಜನ ಮಾಡುವ ದೊಡ್ಡ ತಪ್ಪು. ತೆರೆದಿರಲೇಬೇಕು. ಇನ್ನೊಂದು ವಿಷಯ, ಅದು ದಿನಕ್ಕೆ ಹಲವು ಕೊಡ ನೀರು ಕುಡಿಯುತ್ತದೆ. ಏಪ್ರಿಲಿನಲ್ಲಿ ಟ್ಯಾಂಕರ್ ನೀರು ಹಾಕಿಸುವ ಬೀದಿಯವರು ಅದನ್ನೂ ಯೋಚಿಸಿ.

ಈಗ ನಾದಿನಿಯ ಏಸಿ. ಏಸಿ ಲೇಬಲ್ಲಿನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಅಚ್ಚಾಗಿರುತ್ತದಲ್ಲ, ಅದು ವರ್ಷಕ್ಕೆ 1600 ಗಂಟೆ ಓಡಿಸುತ್ತಾರೆ ಅಂತ ಹಿಡಿದ ಲೆಕ್ಕ. ನಮ್ಮಲ್ಲಿ ಯಾರು ಅಷ್ಟು ಓಡಿಸುತ್ತಾರೆ? ಅರಸೀಕೆರೆಯಲ್ಲಿ 75 ದಿನ, ದಿನಕ್ಕೆ ಆರು ಗಂಟೆ ಅಂದರೂ 450 ಗಂಟೆ. ಮೂರು ಸ್ಟಾರಿನ ಒಂದು ಟನ್ ಏಸಿಯ ಲೇಬಲ್ಲಿನಲ್ಲಿ 700, ಐದು ಸ್ಟಾರಿನದರಲ್ಲಿ 550 ಇದೆ ಅಂತಿಟ್ಟುಕೊಳ್ಳಿ. 1600 ಗಂಟೆಗೆ ವ್ಯತ್ಯಾಸ 150 ಯೂನಿಟ್. 450 ಗಂಟೆಗೆ ಬರೀ 42. ವರ್ಷಕ್ಕೆ 250 ರೂಪಾಯಿ. ಅದಕ್ಕಾಗಿ ಏಳು ಸಾವಿರ ಜಾಸ್ತಿ ಕೊಟ್ಟರೆ ಏಸಿಯೇ ಅಷ್ಟು ವರ್ಷ ಬಾಳುವುದಿಲ್ಲ. ಹಾಸನದಲ್ಲಂತೂ 40 ರಾತ್ರಿ, ನಾಲ್ಕು ಗಂಟೆ. ವರ್ಷಕ್ಕೆ 90 ರೂಪಾಯಿಯ ಉಳಿತಾಯ. ಮೂರು ಸ್ಟಾರಿನ ಇನ್ವರ್ಟರ್ ಏಸಿ ಸಾಕೋ ಸಾಕು.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನಾದಿನಿ ಒಂದು ಪ್ರಶ್ನೆ ಕೇಳಿ ನನ್ನ ಬಾಯಿ ಮುಚ್ಚಿಸಿದಳು. "ಅತ್ತಿಗೆ, ನಮ್ದು ತಿಂಗಳಿಗೆ 130 ಬರುತ್ತೆ. ಅಷ್ಟರವರೆಗೆ ಎಲ್ಲ ಉಚಿತ. ಏಸಿ ಹಾಕಿದ್ರೆ?" ಮೂರು ಸ್ಟಾರಿನದು ದಿನಕ್ಕೆ ಆರು ಗಂಟೆ ಓಡಿದರೆ ತಿಂಗಳಿಗೆ 79 ಯೂನಿಟ್. ಒಟ್ಟು 209. ಗೆರೆ ದಾಟಿತು, 1250 ರೂಪಾಯಿ ಬಿಲ್. ಐದು ಸ್ಟಾರಿನದಾದರೆ 62, ಒಟ್ಟು 192. ಜಾಸ್ತಿಯಾದ 62ಕ್ಕೆ ಮಾತ್ರ 370 ರೂಪಾಯಿ. ಒಂದೇ ತಿಂಗಳಲ್ಲಿ 880ರ ವ್ಯತ್ಯಾಸ! ಇಂಥ ಅಂಚಿನಲ್ಲಿರುವ ಮನೆಗೆ ನನ್ನ ಲೆಕ್ಕ ತಲೆಕೆಳಗಾಗುತ್ತದೆ. ಅಥವಾ ಮೂರು ಸ್ಟಾರನ್ನೇ ತಂದು ದಿನಕ್ಕೆ ಒಂದು ಗಂಟೆ ಕಡಿಮೆ ಓಡಿಸಬೇಕು. ಆಗ 196ರ ಹತ್ತಿರ ನಿಲ್ಲುತ್ತದೆ.

ಹೊಸ ಏಸಿಗಳು ಆನ್ ಆದಾಗ 24 ಡಿಗ್ರಿಗೇ ನಿಲ್ಲುತ್ತವೆ. 2020ರಿಂದ ಹಾಗೆ ನಿಯಮ. ಅದನ್ನು 18ಕ್ಕೆ ಇಳಿಸಿ ಕಂಬಳಿ ಹೊದ್ದು ಮಲಗುವವರನ್ನು ನೋಡಿದ್ದೇನೆ. 26ಕ್ಕಿಟ್ಟು ಫ್ಯಾನ್ ಒಂದನೇ ನಂಬರಿನಲ್ಲಿ ಹಾಕಿ ನೋಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ ಅಂತ ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯವರೇ ಹೇಳುತ್ತಾರೆ.

ಏಸಿಗೆ ಮೊದಲು ತಾರಸಿ ನೋಡಿ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಹನ್ನೊಂದರವರೆಗೆ ನಿಮ್ಮ ತಲೆಯ ಮೇಲೆ ಶಾಖ ಸುರಿಯುತ್ತದೆ. ಮಾರ್ಚ್ ಮೊದಲ ವಾರದಲ್ಲಿ ಎರಡು ಕೋಟ್ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಿ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಾಪೆಯ ಪರದೆ ಇಳಿಬಿಡಿ. ಒಳಗಿನ ಪರದೆ ಬಿಸಿಲು ಒಳಗೆ ಬಂದ ಮೇಲೆ ತಡೆಯುತ್ತದೆ, ಅದರಿಂದ ಅಷ್ಟು ಉಪಯೋಗ ಇಲ್ಲ. ಇಷ್ಟು ಮಾಡಿ, ಸಂಜೆ ಸೊಳ್ಳೆಪರದೆ ಇರುವ ಕಿಟಕಿಗಳನ್ನು ತೆಗೆದಿಟ್ಟರೆ, ಹಾಸನ ಚಿಕ್ಕಮಗಳೂರಿನ ಎಷ್ಟೋ ಮನೆಗೆ ಏಸಿ ಬೇಡವೇ ಬೇಡ.

ಚಳಿ ಮತ್ತು ಥಂಡಿ

ರೂಮ್ ಹೀಟರಿನ ವಿಷಯ ಚಿಕ್ಕದು. ಎಣ್ಣೆ ತುಂಬಿದ್ದು, ಊದುವುದು, ಕೆಂಪಗೆ ಉರಿಯುವ ರಾಡಿನದು, ಮೂರೂ ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ ಕೊಡುತ್ತವೆ. 2 ಕಿಲೋವ್ಯಾಟಿನದು ಮೂರು ಗಂಟೆ ಉರಿದರೆ ಆರು ಯೂನಿಟ್. ರಾತ್ರಿಯಿಡೀ ಬೇಕಿದ್ದರೆ ಎಣ್ಣೆಯದು, ಹತ್ತು ನಿಮಿಷ ಸಾಕಿದ್ದರೆ ಊದುವುದು. ವಯಸ್ಸಾದವರೋ ಹಸುಗೂಸೋ ಇದ್ದು, ಏಸಿಯೂ ಬೇಕು ಅನ್ನುವವರು ಬಿಸಿ ತಂಪು ಎರಡೂ ಕೊಡುವ ಏಸಿ ನೋಡಬಹುದು. ಅದು ಹೀಟ್ ಪಂಪಿನ ಹಾಗೇ ಕೆಲಸ ಮಾಡುತ್ತದೆ, ಕರೆಂಟ್ ಮೂರನೇ ಒಂದು ಭಾಗ ಸಾಕು. ಬಾಣಂತಿ ಕೋಣೆಗೆ ಕೆಂಡ ಇಡುವ ಮನೆಗಳು ಇನ್ನೂ ಇವೆ. ಬಾಗಿಲು, ಕಿಟಕಿ ಪೂರ್ತಿ ಮುಚ್ಚಿ ಇಡಬೇಡಿ. ಗ್ಯಾಸ್ ಗೀಸರಿನ ಆ ವಾಸನೆ ಇಲ್ಲದ ವಿಷವೇ ಕೆಂಡದಿಂದಲೂ ಬರುತ್ತದೆ.

ಮಲೆನಾಡಿನವರಿಗೆ ಚಳಿಗಿಂತ ಥಂಡಿ ದೊಡ್ಡ ಶತ್ರು. ಜೂನ್‌ನಿಂದ ಬಟ್ಟೆ ಒಣಗುವುದಿಲ್ಲ, ರೇಷ್ಮೆ ಸೀರೆಗೆ ಚುಕ್ಕೆ, ಚಪ್ಪಲಿಗೆ ಹಸಿರು ಪಾಚಿ. ಮೊದಲೆಲ್ಲ ಅಮ್ಮ ಕಬ್ಬಿಣದ ಬೀರುವಿನೊಳಗೆ 40 ವ್ಯಾಟಿನ ಹಳೆಯ ಬಲ್ಬ್ ಉರಿಸುತ್ತಿದ್ದಳು. ಎಲ್‌ಇಡಿ ಬಂದ ಮೇಲೆ ಆ ಉಪಾಯ ಹೋಯಿತು, ಅದು ಬೆಚ್ಚಗಾಗುವುದಿಲ್ಲವಲ್ಲ. ಈಗ ಡಿಹ್ಯೂಮಿಡಿಫೈಯರ್ ಸಿಗುತ್ತದೆ, ಗಾಳಿಯ ತೇವ ಹೀರಿ ಡಬ್ಬಿಗೆ ತುಂಬುವ ಯಂತ್ರ. 250 ವ್ಯಾಟಿನದು ಎಂಟು ಗಂಟೆ ಓಡಿದರೆ ಎರಡು ಯೂನಿಟ್. ಹೀಟರ್ ಹಾಕಿ ಬಟ್ಟೆ ಒಣಗಿಸುವುದಕ್ಕಿಂತ ಎಷ್ಟೋ ವಾಸಿ. ಆದರೆ ಬಾಗಿಲು ಕಿಟಕಿ ಸರಿಯಾಗಿ ಮುಚ್ಚುವ ಒಂದು ಕೋಣೆ ಬೇಕು. ಹಂಚಿನ ಮನೆಯ ಹಜಾರದಲ್ಲಿ ಇಟ್ಟರೆ ಇಡೀ ಮೂಡಿಗೆರೆಯ ಮಳೆಯನ್ನೇ ಹೀರಲು ಹೊರಟ ಹಾಗೆ.

ಕೊನೆಗೆ ಅಣ್ಣ ಹಂಡೆಯ ಸುತ್ತ ಗೋಡೆ ಕಟ್ಟಿಸಿ ಚಿಮಣಿ ಹಾಕಿಸಿದ. ಬಟ್ಟೆಯ ಕೋಣೆಗೆ ಡಿಹ್ಯೂಮಿಡಿಫೈಯರ್ ತಂದ. ಅದರ ಡಬ್ಬಿಯಲ್ಲಿ ಬೆಳಗ್ಗೆ ತುಂಬಿರುವ ನೀರನ್ನು ಅಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ. ನಾದಿನಿ ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಮೂರು ಸ್ಟಾರಿನ ಏಸಿ ತಂದಳು. ಮೇ ತಿಂಗಳ ಬಿಲ್ಲಿನ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದಳು. 197 ಯೂನಿಟ್.